ನಾಲ್ಕು ಚಕ್ರ, ನಲವತ್ತು ಉಪದೇಶ

ಹಳೆ ವ್ಯಾನಿಗೆ ಟೈರು ಬೇಕು ಅಂತ ಅಂಗಡಿಗೆ ಹೋಗಿ ನೋಡಿ. ಟೈರೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಕಾಫಿ ಸಿಗುತ್ತದೆ. ಕನಿಕರ ಸಿಗುತ್ತದೆ. ಬುದ್ಧಿಮಾತು ಧಾರಾಳವಾಗಿ ಸಿಗುತ್ತದೆ. ಹೊಸ ಕಾರಿಗೆ ಸಾಲ ಕೊಡಿಸುವವನ ಫೋನ್ ನಂಬರು ಕೇಳದೆಯೇ ಸಿಗುತ್ತದೆ.

ನಮ್ಮದು 2005ರ ಮಾರುತಿ ಓಮ್ನಿ. ಹಿಂದಿನ ಸೀಟು ಮಡಚಿ ಮೇಲೊಂದು ಹಲಗೆ ಹಾಸಿದರೆ ಮಂಚ. ಮೂಲೆಯಲ್ಲಿ ಪುಟ್ಟ ಒಲೆ, ನೀರಿನ ಕ್ಯಾನು, ಕಿಟಕಿಗೆ ಹಳೆ ಸೀರೆಯ ಪರದೆ. ಈಗಿನ ಹುಡುಗರು ಇದನ್ನು ಕ್ಯಾಂಪರ್ ವ್ಯಾನ್ ಅನ್ನುತ್ತಾರೆ. ಶ್ರೀಶೈಲ, ಬೀದರ್, ಬಸವಕಲ್ಯಾಣ, ಹಂಪಿ, ಎಲ್ಲ ಇದರಲ್ಲೇ ಆಗಿದೆ. ಎಂಜಿನ್ನು ಗಟ್ಟಿ. ಬಾಡಿ ಗಟ್ಟಿ. ಸವೆದದ್ದು ಟೈರು. ತುಕ್ಕು ಹಿಡಿದದ್ದು ಚಕ್ರದ ಎರಡು ಡಿಸ್ಕು. ಕಾಯಿಲೆ ಇಷ್ಟೇ. ಔಷಧಿ ಮಾತ್ರ ಇಲ್ಲ.

ನಾವಿರುವುದು ಹೈದರಾಬಾದಿನ ಮಿಯಾಪುರದಲ್ಲಿ. ಚಕ್ರಕ್ಕೆ ಬರ ಬರಬಾರದ ಊರೊಂದಿದ್ದರೆ ಅದು ಇದೇ. ಮುಂಬೈ ಹೆದ್ದಾರಿ ಊರನ್ನು ಸೀಳಿಕೊಂಡೇ ಹೋಗುತ್ತದೆ. ಬಸ್ ಡಿಪೊ ಇದೆ. 2017ರ ನವೆಂಬರ್ 28ರಂದು ಪ್ರಧಾನಿ ಬಂದು ಹೈದರಾಬಾದ್ ಮೆಟ್ರೊ ಉದ್ಘಾಟಿಸಿದ್ದು ಇಲ್ಲೇ. ಕತ್ತಲಾದರೆ ಬೆಂಗಳೂರಿಗೆ ಹೊರಡುವ ಖಾಸಗಿ ಬಸ್ಸುಗಳ ಸಾಲು. ಆಲ್ವಿನ್ ಹೆಸರಿನ ಚೌರಸ್ತೆ ಬೇರೆ. 1942ರಲ್ಲಿ ಶುರುವಾಗಿ, ಬಸ್ಸಿಗೆ ಬಾಡಿ ಕಟ್ಟಿ, ಫ್ರಿಜ್ಜು ಮಾಡಿ, ಕೈಗಡಿಯಾರ ಮಾಡಿ, ನಿಸ್ಸಾನ್ ಜೊತೆ ಕೂಡಿ ಜಹೀರಾಬಾದಿನಲ್ಲಿ ಪುಟ್ಟ ಲಾರಿಯನ್ನೂ ಮಾಡಿ ಕಣ್ಮುಚ್ಚಿದ ಹೈದರಾಬಾದಿನ ಕಂಪನಿ ಅದು. ಕಂಪನಿ ಹೋಯಿತು, ಹೆಸರು ಬಸ್ ಸ್ಟಾಪಿಗೆ ಉಳಿಯಿತು.

ಇಂಥ ಊರಲ್ಲಿ 12 ಇಂಚಿನ ಚಕ್ರ ಕೇಳಿದರೆ, ಪಲ್ಲಕ್ಕಿಗೆ ಬಿಡಿಭಾಗ ಕೇಳಿದವನನ್ನು ನೋಡುವಂತೆ ನೋಡುತ್ತಾರೆ.

ಮೊದಲು ಗಾಜಿನ ಅಂಗಡಿ. ಮೆಟ್ರೊ ಕಂಬದ ನಂಬರು ಹೇಳಿ ವಿಳಾಸ ಕೊಡುವ ಜಾತಿಯದು. ಒಳಗೆ ಎಸಿ. ಪ್ರತಿ ಟೈರಿನ ಮೇಲೂ ಒಂದೊಂದು ದೀಪ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಕಂಪ್ಯೂಟರಿನ ಮುಂದೆ ಕೂತಿದ್ದ.

"ಯಾವ ಗಾಡಿ ಸಾರ್?"

"ಓಮ್ನಿ."

ಪಟ್ಟಿ ತೆರೆದ. ಮೇಲೆ ಹೋದ. ಕೆಳಗೆ ಬಂದ. "ಓಮ್ನಿ ನಿಂತುಹೋಗಿದೆ ಸಾರ್."

"ಹೌದು, ಹೊರಗೆ ನಿಂತಿದೆ" ಅಂದೆ.

ಅವನು ನಗಲಿಲ್ಲ. ತರಬೇತಿಯಲ್ಲಿ ಅದು ಇರಲಿಲ್ಲವೇನೋ.

1984ರಲ್ಲಿ ರಸ್ತೆಗಿಳಿದ ಗಾಡಿ. 2019ರಲ್ಲಿ ತಯಾರಿಕೆ ನಿಂತಿತು. ಅಷ್ಟು ಕಾಲ ಶಾಲೆ ಮಕ್ಕಳನ್ನು, ಮದುವೆ ಪಾತ್ರೆಗಳನ್ನು, ರೋಗಿಗಳನ್ನು, ಹೆಣಗಳನ್ನು, ಸಿನಿಮಾದಲ್ಲಿ ಅಪಹರಣಕ್ಕೊಳಗಾದ ನಾಯಕಿಯರನ್ನು ಹೊತ್ತಿತು. ಇವತ್ತಿಗೂ ಯಾವ ಬೀದಿಗೆ ಹೋದರೂ ಒಂದು ಎದುರಾಗುತ್ತದೆ. ಆದರೆ ಅಂಗಡಿಯವರ ಪ್ರಕಾರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬೀದಿಯಲ್ಲೂ ಗಾಡಿ ಇಲ್ಲ.

"ಗಾಡಿ ಹೆಸರು ಬಿಡಪ್ಪ. ಟೈರಿನ ಮೇಲೇ ಬರೆದಿದೆ ನೋಡು, 145 ಆರ್ 12 ಎಲ್‌ಟಿ. ಈ ಅಳತೆ ಹುಡುಕು."

"ಅಳತೆ ಹಾಕಿ ಹುಡುಕೋಕೆ ಬರಲ್ಲ ಸಾರ್. ಮಾಡೆಲ್ ಹಾಕಬೇಕು."

ಟೈರಿನ ಅಂಗಡಿ. ಟೈರಿನ ಅಳತೆ ಹಾಕಿದರೆ ಟೈರು ಸಿಗುವುದಿಲ್ಲ. ಇದಕ್ಕೆ ಅವರಿಟ್ಟ ಹೆಸರು ಸ್ಮಾರ್ಟ್ ಸಿಸ್ಟಮ್.

ಆಮೇಲೆ ಉಪದೇಶ ಶುರುವಾಯಿತು. "12 ಇಂಚು ಈಗ ಯಾರು ಹಾಕ್ತಾರೆ ಸಾರ್? 13ಕ್ಕೆ ಹೋಗಿ. ಅಲಾಯ್ ಹಾಕಿಸಿ. ಲುಕ್ಕೇ ಬೇರೆ." ಕಿಟಕಿಗೆ ಸೀರೆ ಕಟ್ಟಿದ ಓಮ್ನಿಗೆ ಲುಕ್ಕು. ಅದೂ ಬೇಡವೆಂದಾಗ, ಇರುವ ಟೈರಿಗೇ ನೈಟ್ರೋಜನ್ ತುಂಬಿಸಿಕೊಳ್ಳಿ, ಬಾಳಿಕೆ ಬರುತ್ತದೆ ಅಂದ. ಪುಕ್ಕಟೆ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಮಿಕ್ಕ 22 ಪಾಲು ಕಡಿಮೆ ಕೊಟ್ಟದ್ದಕ್ಕೆ ಬಿಲ್ಲು.

ಸರಿ, ಹುಡುಗನ ಮಾತು ಕೇಳಿ ಚಕ್ರದ ಅಳತೆ ಬದಲಿಸಿದೆ ಅನ್ನಿ. ಆಗ ಕಾನೂನು ಎದ್ದು ಕೂರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿ ತಿದ್ದುವಂತಿಲ್ಲ. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬಂತು. ಮಾಲೀಕ ತಾನೇ ಗಾಡಿ ತಿದ್ದಿಸಿದರೆ ಒಂದೊಂದು ತಿದ್ದುಪಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಚಕ್ರದ ಅಳತೆ ಇದರಡಿ ಬರುತ್ತದೋ ಇಲ್ಲವೋ ಅನ್ನುವುದು ಆವತ್ತು ಚೌಕದಲ್ಲಿ ನಿಂತವರ ಮರ್ಜಿ.

ಕಂಪನಿ ಕೊಟ್ಟ ಅಳತೆ ಸಿಗುವುದಿಲ್ಲ. ಸಿಗುವ ಅಳತೆ ಹಾಕುವಂತಿಲ್ಲ. ಬೋಳು ಟೈರಿನಲ್ಲಿ ಓಡಿಸುವಂತಿಲ್ಲ. ಓಡಿಸದೆ ನಿಲ್ಲಿಸೋಣವೆಂದರೆ ಅಪಾರ್ಟ್‌ಮೆಂಟಿನ ಸಂಘದವರು, ಹಳೆ ಗಾಡಿ ಜಾಗ ಹಿಡಿದಿದೆ ಅಂತ ನೋಟೀಸು ಅಂಟಿಸುತ್ತಾರೆ.

ಕಾನೂನು ನಿಜಕ್ಕೂ ಇಷ್ಟು ಕಟ್ಟುನಿಟ್ಟೇ? ರಾತ್ರಿ ಊಟದ ಹೊತ್ತಿಗೆ ಮಿಯಾಪುರದ ರಸ್ತೆಬದಿಗೆ ಬನ್ನಿ. ನಾಗಾಲ್ಯಾಂಡ್, ಅರುಣಾಚಲ, ದಮನ್, ಒಡಿಶಾ. ಭಾರತದರ್ಶನಕ್ಕೆ ಟಿಕೆಟ್ ಬೇಡ, ಬಸ್ಸುಗಳ ನಂಬರ್ ಪ್ಲೇಟು ಓದಿದರೆ ಸಾಕು. 2025ರ ಅಕ್ಟೋಬರ್ 24ರ ಬೆಳಗಿನ ಜಾವ, ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟ ಬಸ್ಸೊಂದು ಕರ್ನೂಲಿನ ಬಳಿ ಬೈಕಿಗೆ ಡಿಕ್ಕಿಯಾಗಿ ಉರಿದುಹೋಯಿತು. 19 ಪ್ರಯಾಣಿಕರು ಸತ್ತರು. ಕೂರುವ ಬಸ್ಸೆಂದು ನೋಂದಣಿಯಾದದ್ದು ಮಲಗುವ ಬಸ್ಸಾಗಿ ಬದಲಾಗಿತ್ತು ಎಂಬ ಸುದ್ದಿ ಹೆಣಗಳ ಲೆಕ್ಕವಾದ ಮೇಲೆ ಹೊರಬಂತು. ಅದಕ್ಕೂ ಮುಂಚೆ 2013ರ ಅಕ್ಟೋಬರ್ 30ರಂದು ಪಾಲೆಂ ಬಳಿ, ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ಬಸ್ಸಿನಲ್ಲಿ 45 ಮಂದಿ. ಪ್ರತಿ ಸಲವೂ ಆಮೇಲೆ ಒಂದಷ್ಟು ದಿನ ತಪಾಸಣೆಯ ಅಬ್ಬರ.

ಆ ಅಬ್ಬರದಲ್ಲಿ ನಮ್ಮನ್ನೂ ನಿಲ್ಲಿಸುತ್ತಾರೆ. "ಹಲಗೆ ಹಾಕಿದ್ದೀರಲ್ಲ, ಪರ್ಮಿಷನ್ ಇದೆಯಾ?" ಒಂದು ಬಸ್ಸಿಗೆ ಮೂವತ್ತು ನಲವತ್ತು ಹಲಗೆ ಹೊಡೆದು ಜನರನ್ನು ಪೇರಿಸಿದ್ದು ವರ್ಷಗಟ್ಟಲೆ ಕಾಣದ ಕಣ್ಣಿಗೆ ನನ್ನ ಒಂದು ಹಲಗೆ ಥಟ್ಟನೆ ಕಾಣುತ್ತದೆ. ಅದೂ ಬಿಚ್ಚಿ ಕೆಳಗಿಡಬಹುದಾದ ಹಲಗೆ. ಇದೇ ಮಿಯಾಪುರದಲ್ಲಿ ನೂರಾರು ಎಕರೆ ಸರ್ಕಾರಿ ಜಮೀನು ಖಾಸಗಿಯವರ ಹೆಸರಿಗೆ ನೋಂದಣಿಯಾಗಿ ಕೂತಿತ್ತು ಎಂಬ ಹಗರಣ 2017ರಲ್ಲಿ ಬಯಲಾಯಿತು. ಜಮೀನು ದೊಡ್ಡದಲ್ಲವೇ, ಕಣ್ಣಿಗೆ ಬೀಳುವುದಿಲ್ಲ.

ಮಲಗುವ ಗಾಡಿಯ ಮೇಲೆ ಸರ್ಕಾರಗಳಿಗೆ ಸಿಟ್ಟೇನೂ ಇಲ್ಲ. ಪ್ರೀತಿ. ಗಾಡಿ ದೊಡ್ಡದಾಗಿರಬೇಕು ಅಷ್ಟೇ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಮರುವರ್ಷ ವಾಗಮಣ್‌ನಲ್ಲಿ ಪಾರ್ಕೂ ಬಂತು. ಇಂಥ ಗಾಡಿಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಒಳಗೆ ಏನೇನಿರಬೇಕು ಅಂತ ಪುಟಗಟ್ಟಲೆ. ಇನ್ನು ಹೈದರಾಬಾದಿನಲ್ಲಂತೂ ಕ್ಯಾರವಾನ್ ಅಂದರೆ ಸಿನಿಮಾ ನಟರದು. ಎಸಿ, ಕನ್ನಡಿ, ಕಮೋಡು, ಕಾಯಲು ನಾಲ್ಕು ಆಳು. ಅದಕ್ಕೆ ಟೈರು ಸಿಗದೆ ಶೂಟಿಂಗ್ ನಿಂತದ್ದು ಯಾವತ್ತಾದರೂ ಕೇಳಿದ್ದೀರಾ?

ಹೆಂಡತಿ ಮಕ್ಕಳನ್ನು ಕರೆದುಕೊಂಡು ನಮ್ಮ ಪಾಡಿಗೆ ಪಾಪನಾಶಕ್ಕೋ ಶ್ರೀಶೈಲಕ್ಕೋ ಹೋಗುವವರು ಪ್ರವಾಸೋದ್ಯಮದ ಲೆಕ್ಕಕ್ಕೆ ಬರುವುದಿಲ್ಲ. ಪ್ರವಾಸ ಮಾಡುತ್ತೇವೆ, ಉದ್ಯಮ ಮಾಡುವುದಿಲ್ಲ.

ಈಗ ಪರಿಸರದ ಪಾಠ. 2021ರ ಆಗಸ್ಟ್ 13ರಂದು ಗುಜರಿ ನೀತಿಗೆ ಚಾಲನೆ ಸಿಕ್ಕಿತು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದವಕ್ಕೆ 10,000. ಅದೇ ಗಾಡಿಯನ್ನು ಪುಡಿ ಮಾಡಿಸಿ ಸರ್ಟಿಫಿಕೇಟು ತಂದು ಹೊಸದು ಕೊಂಡರೆ ವಾಹನ ತೆರಿಗೆಯಲ್ಲಿ 25 ಪರ್ಸೆಂಟಿನವರೆಗೆ ರಿಯಾಯಿತಿ.

ಜೋಪಾನ ಮಾಡಿದವನಿಗೆ ದಂಡ. ಬಿಸಾಕಿದವನಿಗೆ ಬಹುಮಾನ. ಇದು ಹಸಿರು ನೀತಿ. ಹೊಸ ಕಾರಿಗೆ ಉಕ್ಕು ಕರಗಿಸುವ ಕುಲುಮೆಯಿಂದ ಊದುಬತ್ತಿಯ ಹೊಗೆ ಬರುತ್ತದೆ ಅಂತ ಇವರು ನಂಬಿದ್ದಾರೆ.

ಒಂದು ಕಡೆ ಮಾತ್ರ ನನ್ನ ವ್ಯಾನಿಗೆ ವಯಸ್ಸಾಗಿಲ್ಲ. ವಿಮೆಯಲ್ಲಿ. 1,000 ಸಿಸಿವರೆಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರಿಂದ 2,094 ರೂಪಾಯಿ. ಅಲ್ಲಿ ಮುದುಕ, ಯುವಕ ಎಂಬ ಭೇದವಿಲ್ಲ. ಕಟ್ಟಿಸಿಕೊಳ್ಳುವಾಗ ಎಲ್ಲ ಗಾಡಿಯೂ ಸಮಾನ. ಸ್ವಂತ ಗಾಡಿಯ ಹಾನಿಗೂ ವಿಮೆ ಕೊಡಿ ಅಂದರೆ ಮಾತ್ರ, ಇದು ತುಂಬ ಹಳೇದಾಯ್ತಲ್ಲ ಸಾರ್ ಅನ್ನುತ್ತಾರೆ.

ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಂತ್ರ. ಸುರಕ್ಷತೆ.

ಆಗಲಿ, ಸುರಕ್ಷತೆಯನ್ನೇ ಮಾತಾಡೋಣ. ಗಾಡಿ ನೆಲಕ್ಕೆ ತಾಗುವುದು ನಾಲ್ಕು ಕಡೆ, ಅಂಗೈಯಷ್ಟಗಲ. ಬ್ರೇಕು ಹಿಡಿಯುವುದು, ತಿರುವಿನಲ್ಲಿ ನಿಲ್ಲುವುದು, ಮಳೆಯಲ್ಲಿ ಜಾರದೆ ಇರುವುದು, ಎಲ್ಲ ಆ ಅಂಗೈಯಗಲದ ರಬ್ಬರಿನ ಪುಣ್ಯ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅಂತ ಸರ್ಕಾರದ್ದೇ ನಿಯಮ. ಅಂದರೆ ಟೈರು ಬದಲಿಸುವುದು ಚಪಲ ಅಲ್ಲ, ಕಾನೂನಿನ ಆಜ್ಞೆ.

ಆ ಆಜ್ಞೆ ಪಾಲಿಸುವವನಿಗೆ 2017ರ ಜುಲೈಯಿಂದ ಹಾಕಿದ ಜಿಎಸ್‌ಟಿ ಎಷ್ಟು? 28 ಪರ್ಸೆಂಟು. ಸಿಗರೇಟು, ಪಾನ್ ಮಸಾಲಾ ಕೂತಿದ್ದ ಪಂಕ್ತಿಯಲ್ಲೇ ಟೈರಿಗೂ ಎಲೆ ಹಾಕಿದರು. ಚಿನ್ನಕ್ಕೆ? 3. ಕೊರಳಿಗೆ ಹಾಕುವುದು ಅಗತ್ಯ. ಕೊರಳು ಉಳಿಸುವುದು ಐಷಾರಾಮ.

ಎಂಟು ವರ್ಷ ಹೀಗೆ ವಸೂಲಿ ಮಾಡಿ, 2025ರ ಸೆಪ್ಟೆಂಬರ್ 22ರಂದು 18ಕ್ಕೆ ಇಳಿಸಿದರು. ಉಳಿತಾಯದ ಉತ್ಸವ ಅಂತ ಸಾರಿದರು. ಜೇಬಿಗೆ ಹಾಕಿದ ಕೈಯನ್ನು ಅರ್ಧ ಹೊರಗೆ ತೆಗೆದರೆ ನಾವು ಆರತಿ ಎತ್ತಬೇಕು.

ಇನ್ನೊಂದು ತಮಾಷೆ. ನಮ್ಮ ಮನೆಯ ಮುಂದಿನ ಹೆದ್ದಾರಿಯಲ್ಲೇ ಪಟಾನ್‌ಚೆರು, ಸಂಗಾರೆಡ್ಡಿ ದಾಟಿ ಹೋದರೆ ಸದಾಶಿವಪೇಟೆ. ಅಲ್ಲಿ ಎಂಆರ್‌ಎಫ್‌ನ ದೊಡ್ಡ ಟೈರು ಕಾರ್ಖಾನೆ. ಇನ್ನೂ ಮುಂದೆ ಹೋದರೆ ಜಹೀರಾಬಾದಿನಲ್ಲಿ ಮಹೀಂದ್ರಾ. ಬೀದರಿಗೆ ಹೋಗುವಾಗಲೆಲ್ಲ ಆ ದಾರಿಯಲ್ಲೇ ಹೋಗುತ್ತೇವೆ. 1946ರಲ್ಲಿ ಮದ್ರಾಸಿನಲ್ಲಿ ಆಟಿಕೆ ಬಲೂನು ಮಾಡುತ್ತ ಶುರುವಾದ ಎಂಆರ್‌ಎಫ್‌ನ ಒಂದು ಷೇರು 2023ರ ಜೂನ್ 13ರಂದು ಒಂದು ಲಕ್ಷ ರೂಪಾಯಿ ಮುಟ್ಟಿತು. ದೇಶದಲ್ಲಿ ಮೊದಲ ಸಲ. ಒಂದೇ ಒಂದು ಷೇರಿನ ಬೆಲೆಗೆ ನನ್ನ ವ್ಯಾನು ಕೊಟ್ಟು ಮೇಲೆ ದುಡ್ಡನ್ನೂ ಕಟ್ಟಬೇಕು. ಅವರ ಮೇಲೆ ನನಗೇನೂ ಜಗಳವಿಲ್ಲ. ವ್ಯಾಪಾರ ಬಲ್ಲವರು.

ವ್ಯಾಪಾರ ಎಷ್ಟು ಬಲ್ಲರು ಅನ್ನುವುದಕ್ಕೆ ಸ್ಪರ್ಧಾ ಆಯೋಗದ ಕಡತ ಇದೆ. ಬದಲಿ ಟೈರಿನ ಮಾರುಕಟ್ಟೆಯಲ್ಲಿ, ಲಾರಿ-ಬಸ್ಸಿನ ಕ್ರಾಸ್ ಪ್ಲೈ ಟೈರುಗಳ ಬೆಲೆಯನ್ನು 2011–12ರಲ್ಲಿ ಮಾತಾಡಿಕೊಂಡು ಏರಿಸಿದರು ಅಂತ ಆಯೋಗ 2018ರ ಆಗಸ್ಟ್ 31ರಂದು ತೀರ್ಪು ಕೊಟ್ಟಿತು. ಅಪೊಲೊ, ಎಂಆರ್‌ಎಫ್, ಸಿಯೆಟ್, ಜೆಕೆ, ಬಿರ್ಲಾ, ಐದಕ್ಕೂ ಸೇರಿ ದಂಡ 1,788 ಕೋಟಿ. ತೀರ್ಪು ಮುಚ್ಚಿದ ಲಕೋಟೆಯಲ್ಲೇ ಕೂತಿತು. ಕೋರ್ಟು ಸುತ್ತಿ ಬಂದು 2022ರ ಫೆಬ್ರುವರಿಯಲ್ಲಿ ಲಕೋಟೆ ಬಿಚ್ಚಿತು. ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ, ಇನ್ನೊಮ್ಮೆ ನೋಡಿ ಅಂತ ಕಡತವನ್ನು ಆಯೋಗಕ್ಕೇ ವಾಪಸು ಕಳಿಸಿತು. ಕಂಪನಿಗಳು ಆರೋಪವನ್ನು ಒಪ್ಪಿಲ್ಲ ಬಿಡಿ. ನಾನು ಹೇಳುವುದು ವೇಗದ ವಿಚಾರ. 2011ರ ಬೆಲೆಯ ಮೇಲಿನ ಜಗಳ ದಶಕ ದಾಟಿದರೂ ಹೊರಟಲ್ಲಿಗೇ ಬಂದು ನಿಂತಿತು. ನನ್ನ ಸಿಗ್ನಲ್ ಜಂಪ್‌ನ ದಂಡದ ಚೀಟಿ ನಾನು ಮನೆ ಸೇರುವ ಮೊದಲೇ ಫೋನಿಗೆ ಬಂದಿರುತ್ತದೆ.

ಹೊರದೇಶದ ಟೈರು ತರಿಸೋಣವೇ? 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದರು. ಲೈಸೆನ್ಸ್ ಬೇಕು. ದೇಶಿ ಉದ್ಯಮದ ರಕ್ಷಣೆಗೆ. ಮೈಸೂರಿನಲ್ಲಿ ನಮ್ಮದೇ ವಿಕ್ರಾಂತ್ ಟೈರು ಕಂಪನಿ ಇತ್ತು, ರಾಜ್ಯ ಸರ್ಕಾರದ್ದು. 1997ರಲ್ಲಿ ಜೆಕೆಗೆ ಹೋಯಿತು. ಆಗ ರಕ್ಷಣೆ ಎಲ್ಲಿ ಪಂಕ್ಚರ್ ಆಗಿತ್ತೋ.

ಹೊಸದು ಇಲ್ಲದ ಮೇಲೆ ಹಳೆಯದು. ರಾಣಿಗಂಜ್‌ಗೆ ಹೋದೆ. ಪುತ್ಲಿಬೌಲಿಗೆ ಹೋದೆ. ಇಲ್ಲಿ ಎಸಿ ಇಲ್ಲ, ಸುಳ್ಳಿಗೂ ದೀಪಾಲಂಕಾರವಿಲ್ಲ. ಅಷ್ಟರಮಟ್ಟಿಗೆ ಪ್ರಾಮಾಣಿಕರು.

ಒಂದು ಅಂಗಡಿಯಲ್ಲಿ ನನ್ನ ಅಳತೆಯದೇ ನಾಲ್ಕು ಟೈರು ಸಾಲಾಗಿ ಮಲಗಿದ್ದವು. ಕಪ್ಪಗೆ, ಮಿರಮಿರ ಮಿಂಚುತ್ತ. ಗೀರುಗಳು ಆಳ. "ಒಂದೇ ಸೀಸನ್ ಓಡಿರೋದು ಸಾರ್. ಶೋರೂಂ ಕಂಡೀಷನ್." ಬಾಗಿ ಹೆಬ್ಬೆರಳಿನಿಂದ ಪಕ್ಕೆ ಉಜ್ಜಿದೆ. ಬೆರಳು ಕಪ್ಪಾಯಿತು. ಪಾಲಿಶ್ ಹೋದ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳು ಬಲೆ ಹೆಣೆದಿದ್ದವು. ರಿಮ್ಮಿನ ಹತ್ತಿರ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ 2211 ಅಂತಿತ್ತು. 2011ನೇ ಇಸವಿಯ 22ನೇ ವಾರ. ಹತ್ತು ವರ್ಷ ದಾಟಿದ ಟೈರು ಗೀರು ಇದ್ದರೂ ಬೇಡ ಅಂತ ಟೈರು ಕಂಪನಿಗಳೇ ಹೇಳುತ್ತವೆ. ಗೀರಿಗೆ ಉಗುರು ಹಾಕಿ ನೋಡಿದೆ. ತಳ ಸಮವಿಲ್ಲ. ಒಂದು ಕಡೆ ಆಳ, ಒಂದು ಕಡೆ ತೆಳು. ಒಂದೆರಡು ಕಡೆ ಒಳಗಿನ ನೂಲು ಇಣುಕುತ್ತಿತ್ತು. ಬೋಳಾದ ಟೈರಿಗೆ ಬಿಸಿ ಕತ್ತಿಯಿಂದ ಹೊಸ ಗೀರು ಕೊರೆದಿದ್ದರು. ಇದಕ್ಕೆ ಬಜಾರಿನಲ್ಲಿ ಕಟಿಂಗ್ ಅನ್ನುತ್ತಾರೆ.

"ಇದು ಕಟಿಂಗ್ ಅಲ್ವೇನ್ರೀ?"

"ಎಲ್ಲರೂ ಹಾಕ್ತಾರೆ ಸಾರ್. ಸ್ಕೂಲ್ ವ್ಯಾನಿಗೆಲ್ಲ ಇದೇ ಹೋಗೋದು."

ಇದನ್ನು ಅವನು ಜಾಹೀರಾತಿನಂತೆ ಹೇಳಿದ. ಯಾವ ಶಾಲೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಈ ಟೈರಿನ ಗಾಡಿಗೂ ಫಿಟ್‌ನೆಸ್ ಸಿಗುತ್ತದೆ. ಮೈದಾನದಲ್ಲಿ ಸಾಲು ನಿಂತ ಗಾಡಿಗಳ ಹತ್ತಿರ ಬರುವ ತಪಾಸಣೆಯವರು ಹೊಳೆಯುವ ಸ್ಟಿಕ್ಕರು ಎಣಿಸುತ್ತಾರೆ, ನಂಬರ್ ಪ್ಲೇಟು ನೋಡುತ್ತಾರೆ, ಫೋಟೊ ಹಿಡಿಯುತ್ತಾರೆ. ಟೈರು ನೋಡಲು ಬಗ್ಗಬೇಕು. ಹೊಟ್ಟೆ ಅಡ್ಡ ಬರುತ್ತದೆ. ನಮ್ಮ ವ್ಯಾನಿನ ಪ್ಲೇಟು ಇನ್ನೂ ಎಪಿ. ರಾಜ್ಯ ಎರಡಾಯಿತು, ಟಿಎಸ್ ಬಂತು, 2024ರ ಮಾರ್ಚ್‌ನಲ್ಲಿ ಅದೂ ಹೋಗಿ ಟಿಜಿ ಬಂತು. ಅಕ್ಷರ ಬದಲಿಸುವ ಚುರುಕುತನದಲ್ಲಿ ಕಾಲುಭಾಗ ಟೈರು ನೋಡುವುದರಲ್ಲಿದ್ದಿದ್ದರೆ ಎಷ್ಟೋ ಮಂದಿ ಮನೆ ಸೇರುತ್ತಿದ್ದರು.

ಡಿಸ್ಕಿನ ಕತೆ ಬೇರೆ. ಡಿಸ್ಕು ಕೆಡುವುದು ಓಡಿಸುವವನಿಂದಲ್ಲ, ರಸ್ತೆಯಿಂದ. ಮಳೆಗಾಲದಲ್ಲಿ ಮಿಯಾಪುರದ ಒಳರಸ್ತೆಗಳಿಗೆ ಬಂದು ನೋಡಿ. ಗುಂಡಿಯಲ್ಲಿ ನೀರು, ನೀರಿನ ಕೆಳಗೆ ಮ್ಯಾನ್‌ಹೋಲಿನ ಅಂಚು. ಚಕ್ರ ಇಳಿದರೆ ಅಂಚು ಮಡಚುತ್ತದೆ. ಗುಂಡಿ ತೋಡಿಟ್ಟವರಿಗೆ ದಂಡವಿಲ್ಲ. ಬಿದ್ದವನಿಗೆ ಹೊಸ ಡಿಸ್ಕಿನ ಖರ್ಚು. ಆ ಡಿಸ್ಕಿನ ಮೇಲೂ ಜಿಎಸ್‌ಟಿ. ಗುಂಡಿ ಮುಚ್ಚಲು ಇಲ್ಲದ ದುಡ್ಡು ಹೀಗೆ ಗುಂಡಿಯಿಂದಲೇ ಹುಟ್ಟುತ್ತದೆ.

ಹೊಸ ಡಿಸ್ಕು ಕೇಳಿದರೆ ಮತ್ತೆ ಅದೇ ಹಾಡು, ಗಾಡಿ ನಿಂತುಹೋಗಿದೆ. ಕೊನೆಗೆ ಗುಜರಿಯಲ್ಲಿ ರಾಶಿಯ ಅಡಿಯಿಂದ ಎರಡು ಸಿಕ್ಕವು. ನೆಲದ ಮೇಲೆ ಉರುಳಿಸಿ, ಕಡ್ಡಿ ಹಿಡಿದು ಓಲಾಟ ನೋಡಿ, ಬೋಲ್ಟಿನ ತೂತು ಅಗಲವಾಗಿಲ್ಲವೆಂದು ಖಾತ್ರಿಯಾದ ಮೇಲೆ ಕೊಂಡೆ. ತುಕ್ಕು ಉಜ್ಜಿಸಿ ಬಣ್ಣ ಹೊಡೆಸಿದ ಮೇಲೆ ಕಂಪನಿಯ ಮಾಲಿನಂತೆ ಕಂಡವು. ಒಳ್ಳೆಯ ಉಕ್ಕು. ಪುಡಿ ಮಾಡಿಸಿ ಅಂತ ಸರ್ಕಾರ ಬಹುಮಾನ ಕೊಡುವುದು ಇಂಥವನ್ನೇ.

ಟೈರಿನ ಗಂಟು ಬಿಚ್ಚಿದ್ದು ಕಂಪ್ಯೂಟರೂ ಅಲ್ಲ, ಗಾಜಿನ ಅಂಗಡಿಯೂ ಅಲ್ಲ. ಸಿಮೆಂಟು ಮೂಟೆ ಇಳಿಸಿ ಟೀ ಕುಡಿಯುತ್ತಿದ್ದ ಛೋಟಾ ಹಾಥಿಯ ಡ್ರೈವರು. ಜಹೀರಾಬಾದ್ ಕಡೆಯವನು, ನಮ್ಮ ಬೀದರ್ ಕನ್ನಡದವನು. ವ್ಯಾನಿನ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಓದಿದ. ತನ್ನ ಗಾಡಿಯದನ್ನು ತೋರಿಸಿದ.

"ಯಾಕ ಇಷ್ಟ್ ಸುತ್ಲತ್ತೀರಿ ಸಾಹೇಬ್ರ? ನಮ್ ಗಾಡಿ ಟೈರೇ ಇದಕ್ಕ ಕುಂದರ್ತದ. ನೋಡ್ರಿಲ್ಲಿ."

ನೋಡಿದೆ. 145 ಆರ್ 12 ಎಲ್‌ಟಿ. ಎಂಟು ಪ್ಲೈ. ಛೋಟಾ ಹಾಥಿ ಅಂದರೆ ಟಾಟಾ ಏಸ್, 2005ರಲ್ಲಿ ಬಂದದ್ದು, ನಮ್ಮ ವ್ಯಾನಿನ ವಾರಗೆಯದು. ಊರಿನ ಪ್ರತಿ ಗಲ್ಲಿಯಲ್ಲೂ ತರಕಾರಿ, ಸಿಮೆಂಟು, ಸಿಲಿಂಡರು ಹೊತ್ತು ಓಡುತ್ತಿರುವುದು ಇದೇ ಟೈರಿನ ಮೇಲೆ. ದೇಶದ ದೊಡ್ಡ ಕಂಪನಿಗಳೆಲ್ಲ ಮಾಡುತ್ತವೆ. ಲಾರಿ ಟೈರು ಮಾರುವ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತದೆ. ತಾರೀಖೂ ಹೊಸದು. ಗಾಳಿ ಮಾತ್ರ ವ್ಯಾನಿನ ಲೆಕ್ಕಕ್ಕೆ ಹಾಕಿಸಬೇಕು, ಸಿಮೆಂಟು ಮೂಟೆಯ ಲೆಕ್ಕಕ್ಕಲ್ಲ.

ಗಾಜಿನ ಅಂಗಡಿಯ ಗೋಡೆಯಾಚೆಗೇ ಅದೇ ಟೈರು ಇತ್ತು ಅಂದರೆ ನಂಬುತ್ತೀರಾ? ಕಾರಿನ ವಿಭಾಗ ಇತ್ತ, ಸರಕು ಗಾಡಿಯ ವಿಭಾಗ ಅತ್ತ. ಕಾರಿನ ಗಿರಾಕಿಗೆ ಸರಕು ಗಾಡಿಯ ಟೈರು ತೋರಿಸುವುದು ಅವರ ಅಂತಸ್ತಿಗೆ ಕಡಿಮೆ. ನನ್ನ ಅಂತಸ್ತನ್ನು ಅವರು ನನಗಿಂತ ಚೆನ್ನಾಗಿ ಕಾಪಾಡಿದರು.

ಕೊಂಡದ್ದು ನಾಲ್ಕಲ್ಲ, ಐದು. ಸ್ಟೆಪ್ನಿಯೂ ಬೇಕಲ್ಲ. ಗಾಳಿಯ ಒತ್ತಡ ತೋರಿಸುವ ಯಂತ್ರ, ಪಂಕ್ಚರ್ ಕಿಟ್ಟು ಇದ್ದರೆ ಕಾರಿಗೆ ಸ್ಟೆಪ್ನಿ ಬೇಡ ಅಂತ 2020ರಲ್ಲಿ ಸರ್ಕಾರವೇ ವಿನಾಯಿತಿ ಕೊಟ್ಟಿದೆ. ಐದನೇ ಚಕ್ರ ಉಳಿಸಿದ ದುಡ್ಡು ಕಾರಿನ ಬೆಲೆಯಿಂದ ಇಳಿದದ್ದನ್ನು ನೀವು ಕಂಡಿದ್ದರೆ ಹೇಳಿ. ರಾತ್ರಿ ಹನ್ನೊಂದಕ್ಕೆ ನಲ್ಲಮಲ ಕಾಡಿನ ನಡುವೆ ಟೈರಿನ ಪಕ್ಕೆ ಹರಿದರೆ ಯಂತ್ರ ಕೆಂಪು ದೀಪ ತೋರಿಸುತ್ತದೆ. ಬೆಳಗಿನವರೆಗೆ ಆ ದೀಪ ನೋಡುತ್ತ ಕೂರಬಹುದು.

ಟೈರು ಜೋಡಿಸಿದ ಮೇಲೆ ಅಂಗಡಿಯವನು, ಹಳೆಯವನ್ನು ಇಲ್ಲೇ ಬಿಟ್ಟುಹೋಗಿ, ಒಂದಿಷ್ಟು ಕೊಡುತ್ತೇನೆ ಅಂದ. ಬಿಡುವುದಿಲ್ಲ ಅಂದೆ. ರೇಟು ಏರಿಸಿದ. ರಾಣಿಗಂಜಿನಲ್ಲಿ ನೋಡಿದ್ದು ಕಣ್ಣಿಗೆ ಕಟ್ಟಿತ್ತು. ಬಳಸಿದ ಟೈರು ಎಲ್ಲಿಗೆ ಹೋಗಬೇಕು, ತಯಾರಕರ ಹೊಣೆ ಏನು ಅಂತ 2022ರ ಜುಲೈಯಲ್ಲಿ ನಿಯಮ ಬಂದಿದೆ. ನೋಂದಾಯಿತ ಮರುಬಳಕೆ ಘಟಕ, ಪೋರ್ಟಲ್, ಸರ್ಟಿಫಿಕೇಟು, ಎಲ್ಲ ಇದೆ. ಕೈಯಲ್ಲಿ ಹಳೆ ಟೈರು ಹಿಡಿದು ನಿಂತವನು ಯಾವ ಬಾಗಿಲು ಬಡಿಯಬೇಕು ಅನ್ನುವುದು ಮಾತ್ರ ಅಂಗಡಿಯವನಿಗೂ ಗೊತ್ತಿಲ್ಲ, ಬೀದಿಯವನಿಗೂ ಗೊತ್ತಿಲ್ಲ. ಮನೆಗೆ ತಂದೆ. ಅಪಾರ್ಟ್‌ಮೆಂಟಿನ ಸಂಘದವರು ಸಂಜೆಯೊಳಗೆ ಹಾಜರು. ಸೊಳ್ಳೆಯಾಗುತ್ತದೆ, ಡೆಂಗಿ ಬರುತ್ತದೆ, ತೆಗೀರಿ. ಮೆಟ್ಟಿಲ ಕೆಳಗೆ ಅವರೇ ನಿಲ್ಲಿಸಿದ ನೀರಿಗೆ ಸೊಳ್ಳೆ ಬರುವುದಿಲ್ಲವೆಂದು ಕಾಣುತ್ತದೆ.

ಮೂಲೆಯ ಪಂಕ್ಚರ್ ಅಂಗಡಿಯ ಕೇರಳದವರ ಹತ್ತಿರ ಒಯ್ದೆ. ಇವನ್ನು ಮತ್ತೆ ಯಾರೂ ಹಾಕದ ಹಾಗೆ ಪಕ್ಕೆ ಕೊಯ್ದುಬಿಡಿ ಅಂದೆ. ಅವರು ನನ್ನನ್ನೊಮ್ಮೆ, ಟೈರನ್ನೊಮ್ಮೆ ನೋಡಿದರು. ಕೊಯ್ಯಲು ಒಂದಕ್ಕೆ ಐವತ್ತು ರೂಪಾಯಿ ಅಂದರು. ಮಾರಿದ್ದರೆ ನನಗೆ ಬರುತ್ತಿತ್ತು. ಹಾಳು ಮಾಡಿಸಲು ನಾನೇ ಕೊಡಬೇಕು. ಕೊಟ್ಟೆ. ಕತ್ತಿ ಇಳಿಸುವ ಮೊದಲು ಅವರು ಗೀರಿನ ಮೇಲೆ ಕೈಯಾಡಿಸಿದರು.

"ಯೋಚನೆ ಮಾಡಿ ಸಾರ್. ಇನ್ನೂ ಒಂದು ಕಟಿಂಗ್ ಆರಾಮಾಗಿ ಬರುತ್ತೆ."